ನಂಬಿಕೆ: ಬಳಸುವವರ ಕೈಪಿಡಿ

ಮೊದಲು ಇದನ್ನು ಓದಿ

ಈ ಕೈಪಿಡಿ ಹೊಸದಾಗಿ ನಂಬಿಕೆಗೆ ಬಂದವರಿಗಲ್ಲ. ಅವರಲ್ಲಿ ಇನ್ನೂ ಬಿಸಿ ಇರುತ್ತದೆ, ಯಾರ ಸಲಹೆಯೂ ಬೇಕಾಗುವುದಿಲ್ಲ. ತಾವು ಹುಟ್ಟುವ ಮೊದಲೇ ನಂಬಿಕೆ ಬಂದು ಮನೆಯಲ್ಲಿ ಕೂತಿತ್ತು ಎನ್ನುವವರಿಗಾಗಿ ಇದನ್ನು ಬರೆದಿದೆ. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಕ್ರೈಸ್ತ ಮಿಶನರಿಗಳು ಮಂಗಳೂರಿಗೆ ಬಂದಿಳಿದರು. ಆಮೇಲೆ ಯಾವಾಗಲೋ ಕರಾವಳಿಯ ನಮ್ಮ ಮುತ್ತಜ್ಜಂದಿರು ಈ ನಂಬಿಕೆಯನ್ನು ಮನೆಗೆ ತಂದರು. ಅವರು ತೆತ್ತ ಬೆಲೆ ಸಣ್ಣದಲ್ಲ. ಕಳ್ಳು ಇಳಿಸುತ್ತಿದ್ದವರು ಆ ಕಸುಬನ್ನೇ ಬಿಡಬೇಕಾಯಿತು. ನೆಂಟರ ಮನೆಯಲ್ಲಿ ಎಲೆ ಹಾಕುವುದು ನಿಂತಿತು. ಹಾಗೆ ಅನ್ನದ ದಾರಿ ಕಳೆದುಕೊಂಡವರಿಗೆ ಕೆಲಸವೂ ಸಿಗಲಿ ಎಂದು ಮಿಶನ್ ಮಗ್ಗಗಳನ್ನು ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಮಗಾದರೋ ನಂಬಿಕೆ ಪುಕ್ಕಟೆ ಸಿಕ್ಕಿತು. ಪುಕ್ಕಟೆ ಸಿಕ್ಕಿದ್ದರ ಕೈಪಿಡಿಯನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಇದನ್ನು ಬರೆದವರು ಸಭಾಪಾಲಕರಲ್ಲ, ಸಭೆಯ ಹಿರಿಯರೂ ಅಲ್ಲ. ಹಿಂದಿನ ಬೆಂಚಿನಲ್ಲಿ, ಫ್ಯಾನು ತಾಗುವ ಜಾಗ ನೋಡಿ ಕೂರುವವರು. ಅಲ್ಲಿಂದ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಸಾಕಷ್ಟು ಹೇಳುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಸತ್ಯವೇದ ಒಂದು. ಮೊದಲ ಹಾಳೆಗಳಲ್ಲಿ ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣ. ಕೀರ್ತನೆಗಳ ನಡುವೆ ಯಾವುದೋ ಮದುವೆಯ ಒಣಗಿದ ಹೂವು ಮತ್ತು ಹಳೆಯ ವಿಮೆ ರಸೀದಿ. ಸಂಗೀತ ಪುಸ್ತಕ ಒಂದು. ಅದರಲ್ಲಿ ಜರ್ಮನ್ ರಾಗಕ್ಕೆ ಕನ್ನಡ ಅಕ್ಷರಗಳನ್ನು ಎಳೆದು ಕೂರಿಸಿರುವುದರಿಂದ ಉಸಿರು ಎಲ್ಲಿ ತೆಗೆಯಬೇಕೆಂದು ಅಜ್ಜಿಯನ್ನೇ ಕೇಳಬೇಕು. ಗೋಡೆಗೆ ತೂಗುಹಾಕುವ ಫಲಕ ಒಂದು: ಈ ಮನೆಗೆ ಕ್ರಿಸ್ತನೇ ಯಜಮಾನ, ಪ್ರತಿ ಊಟಕ್ಕೂ ಕಾಣದ ಅತಿಥಿ, ಪ್ರತಿ ಮಾತನ್ನೂ ಸುಮ್ಮನೆ ಕೇಳಿಸಿಕೊಳ್ಳುವವನು ಎಂಬರ್ಥದ ಬರಹ.

ಫಲಕದ ಬಗ್ಗೆ ಒಂದು ಸೂಚನೆ. ಎಲ್ಲರೂ ಅದನ್ನು ಚಾವಡಿಯಲ್ಲಿ, ಹೊರಗಿನವರು ಕೂರುವ ಕಡೆ ಹಾಕುತ್ತಾರೆ. ಅಲ್ಲಿ ಹೇಗೂ ನಾವು ಒಳ್ಳೆಯ ಮಾತನ್ನೇ ಆಡುತ್ತೇವೆ. ಅದರ ಸರಿಯಾದ ಜಾಗ ಅಡುಗೆಮನೆ. ಇಲ್ಲವಾದರೆ ಪಾಲುಪಟ್ಟಿ ಇಟ್ಟಿರುವ ಗೋದ್ರೇಜ್ ಕಪಾಟಿನ ಎದುರು.

ಅಳವಡಿಕೆ

ಮೊದಲ ಹಂತದಲ್ಲಿ ನಿಮ್ಮ ಸಹಕಾರ ಬೇಕಿಲ್ಲ. ನೀವು ತೊಡೆಯ ಮೇಲೆ ಅಳುತ್ತಿರುವಾಗ ನೀರು ಬೀಳುತ್ತದೆ, ಹೆಸರು ಬೀಳುತ್ತದೆ, ಮಧ್ಯಾಹ್ನ ಬಿರಿಯಾನಿ ಆಗುತ್ತದೆ. ಎರಡನೆಯ ಹಂತ ದೃಢೀಕರಣ. ಹದಿಹರೆಯದಲ್ಲಿ ಪ್ರಶ್ನೋತ್ತರ ಬಾಯಿಪಾಠ ಮಾಡಿ, ಇಸ್ತ್ರಿ ಹಾಕಿದ ಬಿಳಿ ಬಟ್ಟೆ ತೊಟ್ಟು, ಬಿಷಪರ ಮುಂದೆ ಮೊಣಕಾಲೂರಬೇಕು. ಇಷ್ಟಾದ ಮೇಲೆ ಕೆಲಸ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಮುಗಿದಿರುವುದಿಲ್ಲ, ಮುಗಿಯಿತೆಂದು ತಿಳಿಸುವ ಗಂಟೆಯೂ ಈ ಮಾದರಿಯಲ್ಲಿ ಇಲ್ಲ.

ಸಂಶಯವಿದ್ದವರು ಪಂಡಿತಾ ರಮಾಬಾಯಿಯವರನ್ನು ನೋಡಬೇಕು. ನಮ್ಮ ಕಡೆಯವರೇ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡಿನಲ್ಲಿ ಬಿಡಾರ ಹೂಡಿದವರು. 1858ರಲ್ಲಿ ಮಗಳು ಹುಟ್ಟಿದ್ದು ಅಲ್ಲೇ. ಆಕೆ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಊರಿಗೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಇಷ್ಟೆಲ್ಲ ಮಾಡಿದ ಮೇಲೂ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮವೇ ಹೊರತು ಕ್ರಿಸ್ತನಲ್ಲ ಎಂದು ಅವರಿಗೆ ಅನ್ನಿಸಿತು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳಾಗಿದ್ದವು. ಗ್ರೀಕ್, ಹೀಬ್ರೂ ಕಲಿತು ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ತಿರುಗಿಸಲು ಹೊರಟದ್ದು ಅದಕ್ಕೂ ಆಮೇಲೆ. ಅಂಥವರಿಗೇ ಎಂಟು ವರ್ಷ ಹಿಡಿಯಿತು. ನಿಮಗೆ ಎರಡನೆಯ ಹಂತದಲ್ಲೇ ಎಲ್ಲವೂ ಸಿಕ್ಕಿಬಿಟ್ಟಿದ್ದರೆ ಮತ್ತೊಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ಓದುವ ಕ್ರಮ

ವರ್ಷಕ್ಕೊಮ್ಮೆ ಸತ್ಯವೇದ ಓದಿ ಮುಗಿಸುವ ಯೋಜನೆ ಜನವರಿ ಒಂದಕ್ಕೆ ಶುರುವಾಗುತ್ತದೆ. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರೂಕಾಲು ಅಧ್ಯಾಯ ಬೀಳುತ್ತದೆ. ಆದಿಕಾಂಡ ಸಲೀಸಾಗಿ ಓಡುತ್ತದೆ. ಯೋಸೇಫನ ಕಥೆಗೆ ಬಂದಾಗ ದಿನದ ಲೆಕ್ಕವನ್ನೂ ಮೀರಿ ಓದುತ್ತೀರಿ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೂ ಭಯವಿಲ್ಲ. ಆಮೇಲೆ ಗುಡಾರದ ಅಳತೆ ಬರುತ್ತದೆ: ಇಷ್ಟು ಮೊಳ ಪರದೆ, ಇಷ್ಟು ಕುಣಿಕೆ, ಇಷ್ಟು ಕೊಂಡಿ. ಜನವರಿ ಕೊನೆಗೆ ಯಾಜಕಕಾಂಡ. ಯಾವ ಪ್ರಾಣಿಯ ಗೊರಸು ಸೀಳಿದೆ, ಗೋಡೆಯ ಬೂಷ್ಟಿಗೆ ಯಾಜಕ ಏನು ಮಾಡಬೇಕು ಎಂಬಲ್ಲಿಗೆ ನೀವು ಪುಟಕ್ಕೆ ಗುರುತಿಟ್ಟು ಎದ್ದುಹೋಗುತ್ತೀರಿ. ಗುರುತು ಡಿಸೆಂಬರಿನವರೆಗೂ ಅಲ್ಲೇ ಇರುತ್ತದೆ.

ಮುಂದಿನ ಜನವರಿಗೆ ಮತ್ತೆ ಮೊದಲ ಪುಟದಿಂದ ಆರಂಭಿಸಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷ ಲೋಕದ ಸೃಷ್ಟಿಯಾಗುತ್ತದೆ, ಯಾವ ವರ್ಷವೂ ಮೀಕನ ಸರದಿ ಬರುವುದಿಲ್ಲ. ನಿಂತಲ್ಲಿಂದ ಮುಂದುವರಿಸಿ. ಮಳೆಗಾಲದಲ್ಲಿ ಕರಾವಳಿಯ ಗೋಡೆಗೆ ಬೂಷ್ಟು ಹಿಡಿದಾಗ ಯಾಜಕಕಾಂಡವೂ ಅಷ್ಟು ದೂರದ್ದು ಅನ್ನಿಸುವುದಿಲ್ಲ.

ಬೆಳಿಗ್ಗೆ ಐದೂವರೆಗೆ ಹೂವಿನ ಚಿತ್ರದ ಮೇಲೆ ವಚನ ಬರೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸುವುದನ್ನು ಓದಿನ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಪ್ರಾರ್ಥನೆ

ಪ್ರಾರ್ಥನೆಗೆ ಇದಕ್ಕೂ ಮೊದಲು ಕೈಪಿಡಿಗಳು ಬಂದಿವೆ. ಅವುಗಳಲ್ಲಿ ನನಗೆ ಇಷ್ಟವಾದದ್ದು 1535ರಲ್ಲಿ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಗೆಳೆಯ ಪೀಟರನಿಗಾಗಿ ಬರೆದದ್ದು. ಪ್ರಾರ್ಥನೆ ಮಾಡುವುದು ಹೇಗೆಂದು ಪೀಟರ್ ಕೇಳಿದ್ದ. ಲೂಥರ್ ಬಲು ಸರಳವಾಗಿ ಉತ್ತರಿಸುತ್ತಾನೆ. ಮನಸ್ಸು ತಣ್ಣಗಾಗಿದೆ ಅನ್ನಿಸಿದರೆ ಕೀರ್ತನೆ ಪುಸ್ತಕ ಹಿಡಿದು ಕೋಣೆಗೆ ಹೋಗು. ಹತ್ತು ಆಜ್ಞೆಗಳಲ್ಲಿ ಒಂದೊಂದನ್ನೇ ತೆಗೆದುಕೊಂಡು ಅದು ಏನು ಕಲಿಸುತ್ತದೆ, ಯಾವುದಕ್ಕೆ ಕೃತಜ್ಞತೆ ಹೇಳಬೇಕು, ಏನನ್ನು ಒಪ್ಪಿಕೊಳ್ಳಬೇಕು, ಏನನ್ನು ಬೇಡಬೇಕು ಎಂದು ನೋಡು. ಕ್ಷೌರಿಕನಿಗೆ ಅವನ ಕಸುಬಿನಿಂದಲೇ ಪಾಠ: ಕತ್ತಿ ಹಿಡಿದವನ ಗಮನ ಅತ್ತಿತ್ತ ಹೋದರೆ ಗಿರಾಕಿಯ ಮೂಗು ಹೋಗುತ್ತದೆ, ಪ್ರಾರ್ಥನೆಗೂ ಅಷ್ಟೇ ಗಮನ ಬೇಕು.

ಅದೇ ವರ್ಷ, ಈಸ್ಟರಿನ ಸಮಯದಲ್ಲಿ, ಊಟಕ್ಕೆ ಕೂತಿದ್ದ ಪೀಟರ್ ಕುಡಿದ ಅಮಲಿನಲ್ಲಿ ಅಳಿಯನನ್ನು ಇರಿದು ಕೊಂದ.

ಕೈಪಿಡಿ ಬರೆಯುವವರೆಲ್ಲ ಮೇಜಿನ ಮುಂದೆ ಅಂಟಿಸಿಕೊಳ್ಳಬೇಕಾದ ಸಂಗತಿ ಇದು. ಪ್ರಾರ್ಥನೆಯ ಬಗ್ಗೆ ಅಷ್ಟು ಒಳ್ಳೆಯ ಪುಸ್ತಕ ಇನ್ನೊಬ್ಬರಿಗೆ ಸಿಕ್ಕಿರಲಾರದು. ಅವನು ಮೋಸಗಾರನೂ ಆಗಿರಲಿಲ್ಲ; ಪ್ರಾರ್ಥನೆ ಕಲಿಯಲು ನಿಜವಾಗಿಯೇ ಕೇಳಿದ್ದ. ಕೇಳಿದವನೂ ಇರಿದವನೂ ಒಬ್ಬನೇ. ಲೂಥರ್ ಮತ್ತು ಗೆಳೆಯರು ಅವನ ಪರವಾಗಿ ಬೇಡಿಕೊಂಡರು. ಮರಣದಂಡನೆ ತಪ್ಪಿ ಗಡೀಪಾರಾಯಿತು, ಆಸ್ತಿ ಹೋಯಿತು. ಪುಸ್ತಕ ಇವತ್ತಿಗೂ ಅಚ್ಚಾಗುತ್ತಿದೆ, ಪೀಟರನಿಗೆ ಬರೆದದ್ದು ಎಂದೇ. ಲೂಥರ್ ತನ್ನ ಪುಸ್ತಕದ ಮರ್ಯಾದೆಯ ಬಗ್ಗೆ ಯೋಚಿಸದೆ ಕೊಲೆ ಮಾಡಿದವನಿಗಾಗಿ ಅಂಗಲಾಚಿದನಲ್ಲ, ಅದನ್ನು ನಾನು ಆ ಕೈಪಿಡಿಯ ಅಚ್ಚಾಗದ ಅಧ್ಯಾಯವೆಂದು ಓದಿಕೊಳ್ಳುತ್ತೇನೆ.

ಇನ್ನು ಪ್ರಾರ್ಥನಾ ಕೂಟ. ಇಲ್ಲಿ ಎರಡು ದೋಷಗಳು ಸಾಮಾನ್ಯ. ಒಂದು, ದೇವರನ್ನು ಮುಂದಿಟ್ಟುಕೊಂಡು ಪಕ್ಕದವರಿಗೆ ಮಾತು ಮುಟ್ಟಿಸುವುದು. 'ಕರ್ತನೇ, ಕೂಟಕ್ಕೆ ಕೆಲವರು ಅರ್ಧ ಗಂಟೆ ತಡವಾಗಿ ಬರುತ್ತಾರೆ, ಅವರ ಹೃದಯವನ್ನು ನೀನೇ ಮುಟ್ಟು' ಎಂದಾಗ ಮುಟ್ಟುವುದು ಹೃದಯಕ್ಕಲ್ಲ. ಇನ್ನೊಂದು ಪ್ರಾರ್ಥನೆಯ ವಿನಂತಿ. 'ಯಾರಿಗೂ ಹೇಳ್ಬೇಡಿ ಅಕ್ಕ, ಪ್ರಾರ್ಥನೆ ಮಾಡ್ಲಿಕ್ಕೆ ಅಂತ ಮಾತ್ರ ಹೇಳಿದ್ದು, ಅವರ ಮಗಳ ಸಂಬಂಧ ಮುರಿದುಹೋಯ್ತಂತೆ' ಎಂದು ಶುರುವಾದ ವಿನಂತಿ ಸಂಜೆಯೊಳಗೆ ಬಲ್ಮಠದಿಂದ ಮೂಲ್ಕಿ ತಲುಪಿರುತ್ತದೆ. ಹೆಸರು ಹೇಳದಿದ್ದರೂ ದೇವರಿಗೆ ಯಾರೆಂದು ಗೊತ್ತಾಗುತ್ತದೆ ಎಂಬುದನ್ನು ನೆನಪಿಡಿ.

ಶಾಂತ ಸಮಯ ಇಲ್ಲದವರಿಗೆ

ಬೆಳಿಗ್ಗೆ ಎದ್ದು ಒಂದು ಗಂಟೆ ಏಕಾಂತದಲ್ಲಿ ಕೂರಬೇಕು ಎಂದು ಪುಸ್ತಕ ಬರೆದವರಲ್ಲಿ ಹೆಚ್ಚಿನವರು ಗಂಡಸರು. ಅವರ ತಿಂಡಿಯನ್ನು ಆ ಒಂದು ಗಂಟೆಯಲ್ಲಿ ಬೇರೆ ಯಾರೋ ಮಾಡುತ್ತಿದ್ದರು. ನಮ್ಮ ಮನೆಗಳಲ್ಲಿ ಐದು ಗಂಟೆಗೆ ಏಳುವವರಿಗೆ ನೀರು ತುಂಬಿಸುವುದಿದೆ, ತೆಂಗಿನಕಾಯಿ ತುರಿಯುವುದಿದೆ, ಮಲಗಿದಲ್ಲೇ ಇರುವ ಅತ್ತೆಯ ಬಟ್ಟೆ ಬದಲಿಸುವುದಿದೆ. ಅವರು ಆಗಾಗ ಹೇಳುವ ಮಾತು: 'ನನಗೆ ಪ್ರಾರ್ಥನೆ ಮಾಡ್ಲಿಕ್ಕೆ ಪುರುಸೊತ್ತೇ ಇಲ್ಲ.'

ಅವರು ಬ್ರದರ್ ಲಾರೆನ್ಸನನ್ನು ತಿಳಿದಿರಬೇಕು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠವೊಂದರ ಅಡುಗೆಯವನು. ಮೊದಲು ಸಿಪಾಯಿಯಾಗಿದ್ದ, ಕಾಲು ಕುಂಟುತ್ತಿತ್ತು. ಅಡುಗೆ ಕೆಲಸ ಅವನಿಗೆ ಮೊದಲಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಆದರೂ ವರ್ಷಗಟ್ಟಲೆ ಅದನ್ನೇ ಮಾಡಿದ, ಆಮೇಲೆ ಮಠದವರ ಚಪ್ಪಲಿ ರಿಪೇರಿಗೆ ಕೂತ. ಮೊಣಕಾಲೂರಿದಾಗಲೂ ಒಲೆಯ ಮುಂದೆಯೂ ದೇವರು ಒಂದೇ ಸಮ ಹತ್ತಿರ ಎಂದು ಕಂಡುಕೊಂಡ. ಯಾವ ಪುಸ್ತಕವನ್ನೂ ಬರೆಯಲಿಲ್ಲ. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪತ್ರಗಳನ್ನೂ ಮಾತುಗಳನ್ನೂ ಬೇರೆಯವರು ಸೇರಿಸಿ ಅಚ್ಚು ಹಾಕಿದರು. ಇದರಿಂದ ಅಡುಗೆಮನೆಯವರಿಗೆ ಸಮಾಧಾನ ಸಿಗಲಿ, ಆದರೆ ಚಾವಡಿಯಲ್ಲಿ ಕೂತು ಶಾಂತ ಸಮಯ ಮಾಡುವವರು ಇದನ್ನು ನೆಪ ಮಾಡಿಕೊಳ್ಳಬಾರದು. ಅವರು ಎದ್ದು ಹೋಗಿ ತೆಂಗಿನಕಾಯಿ ತುರಿಯಬೇಕು.

ದೀಪ ಉರಿಯದಿದ್ದರೆ

ಕೆಲವೊಮ್ಮೆ ಎಲ್ಲ ಸರಿಯಾಗಿ ಮಾಡಿದರೂ ಏನೂ ಅನ್ನಿಸುವುದಿಲ್ಲ. ಹಾಡುತ್ತೀರಿ, ಬಾಯಿ ಮಾತ್ರ ಆಡುತ್ತದೆ. ಮೊಣಕಾಲೂರುತ್ತೀರಿ, ನೆಲ ತಣ್ಣಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಇಂಥ ಹೊತ್ತಿನಲ್ಲಿ ಸಭೆಯವರು ಎರಡು ಕಾರಣ ಹೇಳುತ್ತಾರೆ: ಒಪ್ಪಿಕೊಳ್ಳದ ಪಾಪ, ಇಲ್ಲವೇ ಕೂಟಗಳಿಗೆ ತಪ್ಪಿಸಿದ್ದು. ಎರಡನ್ನೂ ಪರೀಕ್ಷಿಸಿ. ಎರಡೂ ಇಲ್ಲದೆಯೂ ಕತ್ತಲೆ ಬರುತ್ತದೆ.

ಮದರ್ ತೆರೇಸಾ ತಮ್ಮ ಮಾರ್ಗದರ್ಶಕ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಹೊರಬಂದವು. ಕೊಲ್ಕತ್ತದ ಬೀದಿಗೆ ಇಳಿದ ಕಾಲದಿಂದ 1997ರಲ್ಲಿ ಸಾಯುವವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ದೇವರು ಹತ್ತಿರವಿದ್ದಾನೆಂದು ಅವರಿಗೆ ಅನ್ನಿಸಲೇ ಇಲ್ಲ. ಅರ್ಧ ಶತಮಾನ. ಅಷ್ಟೂ ವರ್ಷ ಬೆಳಿಗ್ಗೆ ಎದ್ದು ಪೂಜೆಗೆ ಹೋದರು, ಆಮೇಲೆ ಸಾಯುತ್ತಿರುವವರ ಮೈ ಒರೆಸಲು ಹೋದರು. ಪತ್ರಗಳನ್ನು ಓದಿ 'ಹಾಗಾದರೆ ಅವರಿಗೆ ನಂಬಿಕೆಯೇ ಇರಲಿಲ್ಲ' ಎಂದವರಿದ್ದಾರೆ. ಅನ್ನಿಸಿಕೆಯನ್ನೇ ನಂಬಿಕೆ ಎಂದುಕೊಂಡವರು ಹಾಗೆ ಹೇಳುವುದು ಸಹಜ. ನಮ್ಮ ಕನ್ವೆನ್ಷನ್‌ಗಳಲ್ಲಿ ಮೂರು ದಿನ ಧ್ವನಿವರ್ಧಕ ಹಚ್ಚಿ ಕಲಿಸುವುದೂ ಬಹುಮಟ್ಟಿಗೆ ಅದನ್ನೇ.

150 ಕೀರ್ತನೆಗಳಲ್ಲಿ 88ನೆಯದು ಇಂಥವರಿಗಾಗಿಯೇ ಇದೆ. ಬೇರೆ ಅಳಲಿನ ಕೀರ್ತನೆಗಳೆಲ್ಲ ಎಲ್ಲೋ ಒಂದು ಕಡೆ ತಿರುಗಿ ಸ್ತೋತ್ರಕ್ಕೆ ಬರುತ್ತವೆ, ಇಲ್ಲವೇ ಒಂದು ಎಳೆ ಭರವಸೆಯನ್ನಾದರೂ ಹಿಡಿದಿರುತ್ತವೆ. ಇದು ಮೊರೆಯಿಂದ ಶುರುವಾಗಿ ಕತ್ತಲೆಯಲ್ಲೇ ನಿಲ್ಲುತ್ತದೆ. ಮನೆ ಪ್ರಾರ್ಥನೆಯಲ್ಲಿ ಅದನ್ನು ಓದುವವರು ಕಡಿಮೆ. 87ರಿಂದ ಮೆಲ್ಲಗೆ 89ಕ್ಕೆ ಜಾರುತ್ತೇವೆ. ಆದರೂ ಯಾರೋ ಅದನ್ನು ಬರೆದರು, ಇನ್ಯಾರೋ ಅದನ್ನು ತೆಗೆದುಹಾಕದೆ ಬಿಟ್ಟರು.

ಮಗು ತೀರಿಕೊಂಡ ಮನೆಗೆ ಹೋದಾಗ ಪಾಲಿಸಬೇಕಾದ ಸೂಚನೆ ಯೋಬನ ಪುಸ್ತಕದಲ್ಲಿದೆ. ಅವನ ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಅವರು ಮಾಡಿದ್ದು ಸರಿ. ಬಾಯಿ ತೆರೆದದ್ದು ಆಮೇಲೆ. ನಾವು ಆ ಏಳು ದಿನ ಬಿಟ್ಟು ನೇರವಾಗಿ ಮಾತಿಗೇ ಹೋಗುತ್ತೇವೆ: ದೇವರ ಚಿತ್ತ, ಒಳ್ಳೆಯ ಹೂವನ್ನು ಮೊದಲು ಕೊಯ್ಯುತ್ತಾನೆ, ಇತ್ಯಾದಿ. ಹೂವಿನ ಮಾತನ್ನು ಈ ಆವೃತ್ತಿಯಿಂದ ನಿಷೇಧಿಸಲಾಗಿದೆ.

ಬೆಳವಣಿಗೆಯ ಮಾಪಕ

ಇಲ್ಲ. ಬೇಡಿಕೆ ಬಹಳ ಇದ್ದುದರಿಂದ ಬಳಕೆದಾರರು ತಾವೇ ಕೆಲವನ್ನು ತಯಾರಿಸಿಕೊಂಡಿದ್ದಾರೆ: ಭಾನುವಾರದ ಹಾಜರಿ, ಪ್ರಾರ್ಥನೆಯ ಉದ್ದ, ಕಾಣಿಕೆಯ ಲಕೋಟೆ, ವರ್ಷಾಂತ್ಯದ ಮಧ್ಯರಾತ್ರಿಯ ಆರಾಧನೆಯಲ್ಲಿ ಎತ್ತಿದ ವಾಗ್ದಾನದ ಚೀಟಿ. ಚೀಟಿಯಲ್ಲಿ ಆಶೀರ್ವಾದ ಬಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ತಾಳ್ಮೆಯ ಬಗ್ಗೆ ಬಂದರೆ 'ಇದು ನಿಮ್ಮ ಭಾವನಿಗೆ ಬರಬೇಕಾಗಿದ್ದದ್ದು' ಎನ್ನುತ್ತಾರೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ಆತ್ಮನ ಫಲಗಳೆಂದು ಒಂಬತ್ತನ್ನು ಎಣಿಸುತ್ತಾನೆ: ಪ್ರೀತಿ, ದೀರ್ಘಶಾಂತಿ, ಸಾಧುತ್ವ ಮುಂತಾದವು. ಅದಕ್ಕೆ ಹತ್ತೇ ವಚನ ಮೊದಲು, ಸುನ್ನತಿ ಆಗಲೇಬೇಕೆಂದು ಸಭೆಯನ್ನು ಕಲಕುತ್ತಿರುವವರು ತಮ್ಮದನ್ನು ಪೂರ್ತಿಯಾಗಿಯೇ ಕತ್ತರಿಸಿಕೊಳ್ಳಲಿ ಎಂದು ಶಪಿಸಿರುತ್ತಾನೆ. ನನಗೆ ಇದರಿಂದ ಧೈರ್ಯ ಬರುತ್ತದೆ. ದೀರ್ಘಶಾಂತಿಯ ಬಗ್ಗೆ ಬರೆದವನಿಗೂ ಅದು ಪಕ್ಕದ ಪುಟದಲ್ಲಿ ಕೈಗೆ ಸಿಕ್ಕಿರಲಿಲ್ಲ.

ನಿಮ್ಮಲ್ಲಿ ಏನಾದರೂ ಬೆಳೆದಿದೆಯೇ ಎಂದು ತಿಳಿಯಬೇಕಿದ್ದರೆ ನಿಮ್ಮನ್ನು ಕೇಳಿಕೊಳ್ಳಬೇಡಿ, ಸಭಾಪಾಲಕರನ್ನೂ ಕೇಳಬೇಡಿ. ಅವರು ನಿಮ್ಮನ್ನು ನೋಡುವುದು ಇಸ್ತ್ರಿ ಹಾಕಿದ ದಿನ. ಮನೆ ಕೆಲಸಕ್ಕೆ ಬರುವ ಹೆಂಗಸಿಗೆ ಗೊತ್ತಿರುತ್ತದೆ. ಎರಡು ದಿನ ರಜೆ ಹಾಕಿದ ಮೇಲೆ ಅವಳು ಗೇಟು ತೆಗೆಯುವ ರೀತಿಯಲ್ಲಿ ಉತ್ತರವಿದೆ. ಚಿಲ್ಲರೆ ಇಲ್ಲ ಎಂದ ರಿಕ್ಷಾದವನಿಗೆ ಗೊತ್ತಿರುತ್ತದೆ. ಮರೆವಿನ ಕಾಯಿಲೆಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವ ಅಪ್ಪನಿಗೆ ಗೊತ್ತಿರುತ್ತದೆ. ಪ್ರಶ್ನೆಯನ್ನು ಮರೆತರೂ ಉತ್ತರ ಬಂದ ದನಿಯನ್ನು ಅವರು ಮರೆಯುವುದಿಲ್ಲ.

ಕ್ಷಮೆ

ಈ ಭಾಗವನ್ನು ಗಂಡನ ಹೊಡೆತ ತಿನ್ನುತ್ತಿರುವ ಹೆಣ್ಣಿಗೆ ಓದಿ ಹೇಳಬೇಡಿ. ಅವಳಿಗೆ ಮೊದಲು ಬೇಕಾದದ್ದು ಬೀಗ ಇರುವ ಕೋಣೆ, ಜೊತೆಗೆ ಬರುವ ನೆಂಟರು, ಪೊಲೀಸ್ ಠಾಣೆ. ಏಳೆಪ್ಪತ್ತು ಸಾರಿ ಕ್ಷಮಿಸು ಎಂದು ಯೇಸು ಹೇಳಿದ್ದು ಪೇತ್ರನಿಗೆ, ಎಷ್ಟಕ್ಕೆ ನಿಲ್ಲಿಸಬಹುದು ಎಂದು ಲೆಕ್ಕ ಕೇಳಿದವನಿಗೆ. ಅವನು ಕೇಳಿದ್ದು ಏಳು. ಗುಣಿಸಿ 490 ಎಂದು ಪಟ್ಟಿ ಇಡುವವರು ಇದ್ದರೆ ಆಶ್ಚರ್ಯವಿಲ್ಲ, ನಮ್ಮಲ್ಲಿ ಬ್ಯಾಂಕಿನವರು ಬಹಳ.

ಲೆಕ್ಕವೇ ಬೇಕೆನ್ನುವವರಿಗೆ ಯೇಸು ಒಂದು ಕಥೆಯನ್ನೂ ಕೊಟ್ಟ. ಒಬ್ಬ ಆಳಿಗೆ ಅರಸನ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತು ಸುಮಾರು ಆರು ಸಾವಿರ ದಿನದ ಕೂಲಿ. ಒಟ್ಟು ಆರು ಕೋಟಿ ದಿನ, ಒಂದೂ ರಜೆ ಇಲ್ಲದೆ ದುಡಿದರೂ 1,64,000 ವರ್ಷ. ಅರಸ ಅದನ್ನು ಬಿಟ್ಟುಕೊಟ್ಟ. ಹೊರಗೆ ಬಂದ ಆಳು, ತನಗೆ ನೂರು ದಿನದ ಕೂಲಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದ. ನೂರು ದಿನದ ಕೂಲಿ ಸಣ್ಣ ಮೊತ್ತವಲ್ಲ ಎಂಬುದನ್ನು ಪ್ರಸಂಗ ಮಾಡುವವರು ಮರೆಯುತ್ತಾರೆ. ಮೂರು ತಿಂಗಳಿಗೂ ಮಿಕ್ಕಿದ ಸಂಬಳ. ನಮ್ಮ ಮೇಲೆ ಆದ ಅನ್ಯಾಯವೂ ಹಾಗೆ ನಿಜವಾದದ್ದೇ. ಅಣ್ಣ ತೋಟದ ದಾರಿಗೆ ಬೇಲಿ ಹಾಕಿದ್ದು ನಿಜ, ಅಮ್ಮನ ಬಳೆಯ ವಿಷಯದಲ್ಲಿ ಅತ್ತಿಗೆ ಸುಳ್ಳು ಹೇಳಿದ್ದೂ ನಿಜ. ಕ್ಷಮೆಗೆ ಅದನ್ನು ಸುಳ್ಳೆನ್ನಬೇಕಾಗಿಲ್ಲ.

ಇನ್ನೊಂದು ಆಜ್ಞೆ ಇದೆ, ಅದನ್ನು ಯಾರೂ ಪ್ರಯೋಗಿಸಿ ನೋಡಿದಂತಿಲ್ಲ. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು. ಕರ್ತನ ಭೋಜನದ ಭಾನುವಾರ ಇದನ್ನು ಅಕ್ಷರಶಃ ಪಾಲಿಸಿದರೆ ಒಂಬತ್ತು ಗಂಟೆಗೆ ದೇವಾಲಯ ಅರ್ಧ ಖಾಲಿಯಾಗಿ, ಮೂಡುಬಿದಿರೆ, ಕಾರ್ಕಳ, ಪುತ್ತೂರಿನ ಬಸ್ಸುಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಸರಕಾರಿ ಬಸ್ಸಾದರೆ ಅಕ್ಕತಂಗಿಯರಿಗೆ ಪ್ರಯಾಣ ಪುಕ್ಕಟೆ. ಆದರೆ ಕಾರ್ಕಳದ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿಯವರದ್ದು. ರಾಜಿಗೆ ಅಷ್ಟು ಖರ್ಚಂತೂ ಇದೆ.

ಅಷ್ಟು ದೂರ ಹೋಗಲಾಗದವರು ಸುಗ್ಗಿ ಹಬ್ಬದಲ್ಲಿ ಅಭ್ಯಾಸ ಮಾಡಬಹುದು. ಅವತ್ತು ಆರಾಧನೆ ಮುಗಿದ ಮೇಲೆ ತೆಂಗಿನಕಾಯಿ, ಬಾಳೆಗೊನೆ, ಕೋಳಿ, ಯಾರೋ ಮಾಡಿ ತಂದ ಕೇಕು ಎಲ್ಲ ಏಲಂಗೆ ಬರುತ್ತದೆ. ಹಣ ಸಭೆಗೆ ಹೋಗುವುದರಿಂದ ಯಾರಿಗೂ ಅತಿ ಎನ್ನಿಸುವುದಿಲ್ಲ. ಭಕ್ತಿ ಮತ್ತು ಹಟ ಒಂದೇ ದನಿಯಲ್ಲಿ ಕೂಗುತ್ತವೆ. ಒಂದು ಕುಂಬಳಕಾಯಿಗೆ ನೀವು ಇನ್ನೂರು ಎನ್ನುತ್ತೀರಿ. ಅಂಗಳದ ಆಚೆ ತುದಿಯಿಂದ, ನೀವು ಮಾತು ಬಿಟ್ಟಿರುವ ಅಣ್ಣ ಮುನ್ನೂರು ಎನ್ನುತ್ತಾರೆ. ನೀವು ನಾನೂರು. ಜನ ತಿರುಗಿ ನೋಡುತ್ತಾರೆ, ಹುಡುಗರು ಚಪ್ಪಾಳೆ ಹೊಡೆಯುತ್ತಾರೆ, ಅಣ್ಣ ಐನೂರು ಎನ್ನುತ್ತಾರೆ.

ಇಲ್ಲಿ ನಿಲ್ಲಿಸಿ. ಕಾಯಿಯನ್ನು ಅವರಿಗೇ ಬಿಡಿ. ಸಾಧ್ಯವಾದರೆ ಎತ್ತಿ ಕಾರಿನ ಡಿಕ್ಕಿಗೆ ಇಡಲು ಕೈ ಕೊಡಿ. ಅವರಿಗೆ ಬೆನ್ನುನೋವು ಇರುವುದು ನಿಮಗೆ ಗೊತ್ತು. ಅಷ್ಟು ದೊಡ್ಡ ಕುಂಬಳಕಾಯಿ ಒಂದು ಮನೆಗೆ ಖರ್ಚಾಗುವುದಿಲ್ಲ. ಮಾರನೆಯ ದಿನ ಅತ್ತಿಗೆ ಡಬ್ಬಿಯಲ್ಲಿ ಪದಾರ್ಥ ಕಳಿಸಿದರೆ, ಖಾರ ಹೆಚ್ಚಾಗಿದ್ದರೂ ಊಟ ಮಾಡಿ. ಕಳಿಸದಿದ್ದರೆ ಮುಂದಿನ ಸುಗ್ಗಿ ಹಬ್ಬಕ್ಕೆ ನಾನೂರರ ಬದಲು ಮುನ್ನೂರಕ್ಕೇ ನಿಲ್ಲಿಸಿ. ಕಳಿಸಿದರೆ ಡಬ್ಬಿಯನ್ನು ಖಾಲಿ ವಾಪಸು ಮಾಡಬೇಡಿ. ಅತ್ತಿಗೆಗೆ ನಿಮ್ಮ ಮನೆಯ ಉಪ್ಪಿನಕಾಯಿ ಇಷ್ಟ.